ಕಾಕಾ ರೊಟ್ಟಿ ಮುಟ್ಟಲಿಲ್ಲ: ಹುಬ್ಬಳ್ಳಿಯಿಂದ ಸಂದಕ್‌ಫು ಏರಿದ ಒಂದು ತಂಡದ ಪ್ರಕರಣ

ಇಲ್ಲಿ ಬರುವವರ ಹೆಸರು ಬರೆದಿಲ್ಲ. ವಯಸ್ಸು, ಉದ್ಯೋಗಗಳನ್ನು ಸ್ವಲ್ಪ ಬದಲಿಸಿದ್ದೇನೆ. ಯಾವ ವರ್ಷ ಎಂಬುದನ್ನೂ ಹೇಳುವುದಿಲ್ಲ. ಹುಬ್ಬಳ್ಳಿ ಎಷ್ಟೇ ಬೆಳೆದಿದ್ದರೂ ಬೆಳಗಿನ ವಾಯುವಿಹಾರಕ್ಕೆ ಬರುವವರ ಮಟ್ಟಿಗೆ ಅದು ಇನ್ನೂ ಒಂದು ಓಣಿಯೇ. ವರ್ಷ ಹೇಳಿದರೆ ಸಾಕು, ಮನೆ ಹುಡುಕಿಕೊಂಡು ಹೋಗಿ ಕ್ಷೇಮ ವಿಚಾರಿಸುವವರಿದ್ದಾರೆ. ಬರೆಯಲು ಸಂಬಂಧಪಟ್ಟವರು ಒಪ್ಪಿದ್ದಾರೆ, ಒಂದು ಷರತ್ತಿನ ಮೇಲೆ. ಅದು ಏನೆಂದು ಮುಂದೆ ತಿಳಿಯುತ್ತದೆ.

ಹಿನ್ನೆಲೆ

ನಾವು ಒಂಬತ್ತು ಜನ. ಉಣಕಲ್ ಬಳಿಯ ನೃಪತುಂಗ ಬೆಟ್ಟಕ್ಕೆ ಪ್ರತಿದಿನ ಬೆಳಿಗ್ಗೆ ಐದೂವರೆಗೆ ಬರುವವರು. ಅಲ್ಲಿಯೇ ಪರಿಚಯ, ಅಲ್ಲಿಯೇ ಸ್ನೇಹ. ಕೆಳಗಿಳಿದು ಚಹಾ ಕುಡಿಯುವಾಗ ಹುಟ್ಟಿದ ಮಾತು ಬೆಳೆದು, ಒಂದು ಚಳಿಗಾಲದಲ್ಲಿ ಗದಗ ಜಿಲ್ಲೆಯ ಕಪ್ಪತಗುಡ್ಡ, ಮುಂದಿನ ವರ್ಷ ಚಿಕ್ಕಮಗಳೂರಿನ ಮುಳ್ಳಯ್ಯನಗಿರಿ ಆಗಿ, ಕೊನೆಗೆ ಹಿಮಾಲಯಕ್ಕೆ ಬಂದು ನಿಂತಿತು. ಹೊಂದಿಸುವ ಕೆಲಸ ನನ್ನ ಪಾಲಿಗೆ ಬಂತು. ಟಿಕೆಟ್, ವಸತಿ, ಹಣದ ಲೆಕ್ಕ ಎಲ್ಲವೂ ನನ್ನದೇ. ಹಾಗಾಗಿ ಈ ಪ್ರಕರಣದ ತಪ್ಪುಗಳಲ್ಲಿ ದೊಡ್ಡ ಪಾಲೂ ನನ್ನದೇ.

ತಂಡದಲ್ಲಿ ಹಿರಿಯರು ಒಬ್ಬ ವ್ಯಾಪಾರಸ್ಥರು, ಐವತ್ತೇಳು ವರ್ಷ. ಎಲ್ಲರೂ ಅವರನ್ನು ಕರೆಯುವುದು ಕಾಕಾ ಎಂದು. ಇಪ್ಪತ್ತು ವರ್ಷಗಳಿಂದ ಬೆಟ್ಟ ತಪ್ಪಿಸಿದವರಲ್ಲ. ಕಪ್ಪತಗುಡ್ಡದಲ್ಲಿ ಇಪ್ಪತ್ತೈದರ ಹುಡುಗರು ಗಾಳಿಗೆ ಬಾಯಿ ಬಿಡುತ್ತಿದ್ದಾಗ ಕಾಕಾ ಮೇಲೆ ತಲುಪಿ, ಕಟ್ಟಿಕೊಂಡು ಬಂದಿದ್ದ ಕಡಕ್ ರೊಟ್ಟಿಯ ಗಂಟು ಬಿಚ್ಚಿ ಕಾಯುತ್ತಿದ್ದರು. ಇನ್ನೊಬ್ಬರು ಆಸ್ಪತ್ರೆಯೊಂದರಲ್ಲಿ ಹಿರಿಯ ಶುಶ್ರೂಷಕಿ. ಅವರನ್ನು ಅಕ್ಕಾ ಎನ್ನುತ್ತಿದ್ದೆವು. ತಂಡದ ಕಿರಿಯನಿಗೆ ಇಪ್ಪತ್ನಾಲ್ಕು. ಉಳಿದವರು ಈ ಕಥೆಯಲ್ಲಿ ಹೆಚ್ಚು ಬರುವುದಿಲ್ಲ.

ಆಯ್ದುಕೊಂಡ ಬೆಟ್ಟ ಸಂದಕ್‌ಫು. ಭಾರತ ಮತ್ತು ನೇಪಾಳದ ಗಡಿಯಾದ ಸಿಂಗಲೀಲಾ ಏಣಿನ (ಬೆಟ್ಟಸಾಲಿನ ಬೆನ್ನಿನ) ಮೇಲಿರುವ ಈ ಶಿಖರ 3,636 ಮೀಟರ್ ಎತ್ತರ. ಪಶ್ಚಿಮ ಬಂಗಾಳದಲ್ಲಿ ಇದಕ್ಕಿಂತ ಎತ್ತರದ ಜಾಗವಿಲ್ಲ. ಈ ಕಡೆ ಡಾರ್ಜಿಲಿಂಗ್ ಜಿಲ್ಲೆ, ಆ ಕಡೆ ನೇಪಾಳದ ಇಲಾಮ್. ಏಣಿನ ಭಾರತದ ಬದಿಯ ಕಾಡು 1992ರಿಂದ ರಾಷ್ಟ್ರೀಯ ಉದ್ಯಾನ. ಓಕ್, ಬಿದಿರು, ಮೇಲೆ ಹೋದಂತೆ ಫರ್ ಮರಗಳು. ಏಪ್ರಿಲ್‌ನಲ್ಲಿ ಇಡೀ ಇಳಿಜಾರಿಗೆ ಕೆಂಪು ಬಳಿದಂತೆ ಅರಳುವ ರೋಡೊಡೆಂಡ್ರಾನ್. ಅಲ್ಲಿಯವರು ಅದಕ್ಕೆ ಗುರಾಸ್ ಎನ್ನುತ್ತಾರೆ. ಕೆಂಪು ಪಾಂಡಾ ಇರುವ ಕಾಡು; ನಮಗೆ ಕಾಣಲಿಲ್ಲ. ತುದಿಯಲ್ಲಿ ನಿಂತರೆ ಒಂದೆಡೆ ಕಾಂಚನಜುಂಗಾ ಸಾಲು, ಮಲಗಿದ ಬುದ್ಧನ ಆಕಾರದಲ್ಲಿ. ಇನ್ನೊಂದೆಡೆ ದೂರದಲ್ಲಿ ಎವರೆಸ್ಟ್, ಲೋತ್ಸೆ, ಮಕಾಲು.

ಅಲ್ಲಿ ಗಡಿಯೆಂದರೆ ಬೇಲಿಯಲ್ಲ. ನಡೆಯುವ ದಾರಿಯೇ ಗಡಿ. ಬಲಗಾಲು ಭಾರತದಲ್ಲಿ, ಎಡಗಾಲು ನೇಪಾಳದಲ್ಲಿ ಎಂದು ಹುಡುಗರು ಫೋಟೊ ತೆಗೆಸಿಕೊಳ್ಳುವಷ್ಟು ಸಲೀಸು. ಎರಡು ದೇಶಗಳ ನಡುವಿನ 1950ರ ಒಪ್ಪಂದದ ಬಲದಿಂದ ವೀಸಾ ಬೇಡ; ಆದರೆ ಗುರುತಿನ ಚೀಟಿ ಬೇಕು, ಅಲ್ಲಲ್ಲಿ ಸಶಸ್ತ್ರ ಸೀಮಾ ಬಲದ ಠಾಣೆಗಳಲ್ಲಿ ಅದನ್ನು ತೋರಿಸಬೇಕು. ಒಂದು ರಾತ್ರಿ ತಂಗುವ ತುಮ್ಲಿಂಗ್ ನೇಪಾಳದ್ದು, ಮರುದಿನ ಸಿಗುವ ಗೈರಿಬಾಸ್ ಭಾರತದ್ದು. ಮೊಬೈಲ್ ನೇಪಾಳದ ಟವರ್ ಹಿಡಿದ ಕ್ಷಣ ಗಡಿಯಾರ ಹದಿನೈದು ನಿಮಿಷ ಮುಂದಕ್ಕೆ ಜಿಗಿಯುತ್ತದೆ. ಈ ಹದಿನೈದು ನಿಮಿಷವನ್ನು ನೆನಪಿಟ್ಟುಕೊಳ್ಳಿ.

ಕಳೆದುಹೋದ ಒಂದು ದಿನ

ಮೊದಲ ಯೋಜನೆ ಚೆನ್ನಾಗಿಯೇ ಇತ್ತು. ಮಾನೆಭಂಜಾಂಗ್ ಊರಿನಲ್ಲಿ ಒಂದು ರಾತ್ರಿ, ನಡೆದು ಹೋಗಿ ತುಮ್ಲಿಂಗ್‌ನಲ್ಲಿ ಒಂದು ರಾತ್ರಿ, ಕಾಲಿಪೋಖ್ರಿಯಲ್ಲಿ ಒಂದು ರಾತ್ರಿ, ನಾಲ್ಕನೆಯ ರಾತ್ರಿ ಸಂದಕ್‌ಫು. ಆದರೆ ಕೋಲ್ಕತ್ತಾದಲ್ಲಿ ಮುಂದಿನ ರೈಲು ತಪ್ಪಿತು. ಒಂದು ದಿನ ಹೋಯಿತು. ಮರಳುವ ಟಿಕೆಟ್‌ಗಳು ಬದಲಾಗುವಂತಿರಲಿಲ್ಲ.

ಮಾನೆಭಂಜಾಂಗ್‌ನ ವಸತಿಗೃಹದಲ್ಲಿ ಆ ರಾತ್ರಿ ನಕ್ಷೆ ಹರಡಿಕೊಂಡು ಕುಳಿತೆವು. ನಮ್ಮ ಮುಂದೆ ಇದ್ದ ಪ್ರಶ್ನೆಯನ್ನೇ ನಾವು ತಪ್ಪಾಗಿ ಕೇಳಿಕೊಂಡೆವು. 'ಇರುವ ದಿನಗಳಲ್ಲಿ ಎಲ್ಲಿಯವರೆಗೆ ಹೋಗಬಹುದು' ಎಂದು ಕೇಳಬೇಕಿತ್ತು. 'ಇರುವ ದಿನಗಳಲ್ಲಿ ಸಂದಕ್‌ಫು ಮುಟ್ಟುವುದು ಹೇಗೆ' ಎಂದು ಕೇಳಿಕೊಂಡೆವು. ದಾರಿಯ ನಡುವಿನ ಟೊಂಗ್ಲುವಿನ ತನಕ ಹೋಗಿ ಬಂದರೂ ಕಾಂಚನಜುಂಗಾ ಕಾಣುತ್ತದೆ ಎಂದು ಮಾರ್ಗದರ್ಶಿ ಹುಡುಗ ಹೇಳಿದ. ಆ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಹುಬ್ಬಳ್ಳಿಯಲ್ಲಿ ಎಲ್ಲರಿಗೂ ಸಂದಕ್‌ಫು ಎಂದು ಹೇಳಿ ಬಂದಿದ್ದೆವು. ಟೊಂಗ್ಲು ಎಂದು ಯಾರಿಗೂ ಹೇಳಿರಲಿಲ್ಲ.

ಉಪಾಯ ಹೊಳೆದದ್ದು ನನಗೆ. ಮಾನೆಭಂಜಾಂಗ್‌ನಿಂದ ಮೇಲಕ್ಕೆ ಹಳೆಯ ಲ್ಯಾಂಡ್ ರೋವರ್ ಗಾಡಿಗಳು ಓಡುತ್ತವೆ, ಬ್ರಿಟನ್ನಿನಲ್ಲಿ ತಯಾರಾದವು, ದಾರಿಗಿಂತ ಅವೇ ಹೆಚ್ಚು ಪ್ರಸಿದ್ಧ. ಬೆಳಿಗ್ಗೆ ಗಾಡಿಯಲ್ಲಿ ಗೈರಿಬಾಸ್, ಅಲ್ಲಿಂದ ಆರು ಕಿಲೋಮೀಟರ್ ನಡೆದು ಕಾಲಿಪೋಖ್ರಿ, ಮರುದಿನ ಸಂದಕ್‌ಫು. ತುಮ್ಲಿಂಗ್‌ನ ರಾತ್ರಿಯನ್ನು ಕತ್ತರಿಸಿ ಹಾಕಿದೆವು. ದಿನ ಉಳಿಯಿತು ಎಂದು ಎಲ್ಲರೂ ನನ್ನ ಬೆನ್ನು ತಟ್ಟಿದರು.

ನಾವು ಕತ್ತರಿಸಿದ್ದು ಏನನ್ನು ಎಂಬುದನ್ನು ಈಗ ಲೆಕ್ಕ ಹಾಕಿ ಹೇಳಬಲ್ಲೆ. ಕರ್ನಾಟಕದಲ್ಲಿ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ನಡಿಗೆ ಆರಂಭವಾಗುವ ಮಾನೆಭಂಜಾಂಗ್ ಊರೇ ಅದಕ್ಕಿಂತ ಎತ್ತರದಲ್ಲಿದೆ. ಅಂದರೆ ನಮ್ಮ ನಾಡಿನ ಬೆಟ್ಟಗಳು ಮುಗಿಯುವಲ್ಲಿಂದ ಅಲ್ಲಿಯ ಬೆಟ್ಟ ಶುರು. ಕಾಲಿಪೋಖ್ರಿ 3,100 ಮೀಟರ್‌ಗೂ ಮೇಲೆ. ವೈದ್ಯರು ಹೇಳುವ ಸಾಮಾನ್ಯ ನಿಯಮ ಹೀಗಿದೆ: ತಗ್ಗಿನಿಂದ ಬಂದವರು ಒಂದೇ ದಿನದಲ್ಲಿ 2,750 ಮೀಟರ್ ದಾಟಿ ಮಲಗಬಾರದು, ಆಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು. ಹಗಲು ಎಷ್ಟು ಹತ್ತಿದಿರಿ ಎಂಬುದಕ್ಕಿಂತ ರಾತ್ರಿ ಎಲ್ಲಿ ಮಲಗಿದಿರಿ ಎಂಬುದು ಮುಖ್ಯ. ನಾವು ಒಂದೇ ದಿನದಲ್ಲಿ ಮಲಗುವ ಎತ್ತರವನ್ನು ಹೆಚ್ಚುಕಡಿಮೆ ಸಾವಿರ ಮೀಟರ್ ಏರಿಸಿದೆವು. ಸಂದಕ್‌ಫು ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರ ಮಟ್ಟದಲ್ಲಿರುವುದರ ಮೂರನೇ ಎರಡರಷ್ಟೂ ಇರುವುದಿಲ್ಲ. ಪ್ರತಿ ಉಸಿರಿನಲ್ಲಿ ಸಿಗುವ ಆಮ್ಲಜನಕವೂ ಅಷ್ಟಕ್ಕೆ ಇಳಿಯುತ್ತದೆ. ಇದಕ್ಕೆ ದೇಹ ಒಗ್ಗಿಕೊಳ್ಳಲು ದಿನಗಳು ಬೇಕು. ನೃಪತುಂಗ ಬೆಟ್ಟವನ್ನು ಇಪ್ಪತ್ತು ವರ್ಷ ಹತ್ತಿದ ಕಾಲುಗಳಿಗೆ ಬಲ ಬಂದಿರುತ್ತದೆ. ಆ ಬಲಕ್ಕೂ ಎತ್ತರಕ್ಕೆ ಒಗ್ಗುವುದಕ್ಕೂ ಸಂಬಂಧವಿಲ್ಲ. ಗಟ್ಟಿಗರು ಬೇಗ ಹತ್ತಿಬಿಡುತ್ತಾರೆ, ಆದ್ದರಿಂದ ಬೇಗ ಸಿಕ್ಕಿಬೀಳುತ್ತಾರೆ.

ಈ ನಿಯಮ ನಮ್ಮಲ್ಲಿ ಒಬ್ಬರಿಗೆ ಗೊತ್ತಿತ್ತು. ಅಕ್ಕಾ. ಅಂದು ರಾತ್ರಿ ಅವರು ಒಮ್ಮೆ ಹೇಳಿದರು, 'ಒಂದು ರಾತ್ರಿ ಕಡಿಮೆಯಾಗುತ್ತದಲ್ಲಾ' ಎಂದು. ಕಾಕಾ ನಕ್ಕು, 'ನಮಗೇನಾಗುತ್ತದೆ ತಂಗಿ' ಎಂದರು. ಮಾತು ಅಲ್ಲಿಗೆ ನಿಂತಿತು.

ಕೇಳಿದ ಪ್ರಶ್ನೆ, ಬಂದ ಉತ್ತರ

ಕಾಲಿಪೋಖ್ರಿ ಎಂದರೆ ಕಪ್ಪು ಕೊಳ. ಕೊಳದ ಸುತ್ತ ಬಣ್ಣದ ಪ್ರಾರ್ಥನಾ ಪತಾಕೆಗಳು, ಮೂಳೆ ಕೊರೆಯುವ ಚಳಿ. ಬೆಳಿಗ್ಗೆ ಹೊರಡುವ ಮುನ್ನ ಮಾರ್ಗದರ್ಶಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಹಿಂದಿಯಲ್ಲಿ ಕೇಳಿದ: ಯಾರಿಗಾದರೂ ತಲೆನೋವು, ವಾಕರಿಕೆ, ತಲೆಸುತ್ತು ಇದೆಯೇ? ಮೂವರು ಸ್ವಲ್ಪ ತಲೆನೋವು ಎಂದರು. ಕಾಕಾ ಏನೂ ಇಲ್ಲ ಎಂದರು.

ಅದು ಸುಳ್ಳಲ್ಲ ಎಂಬುದು ಇಲ್ಲಿಯ ವಿಶೇಷ. ರಾತ್ರಿಯಿಡೀ ಅವರಿಗೆ ತಲೆ ಸಿಡಿಯುತ್ತಿತ್ತು. ಬೆಳಗಿನ ಜಾವ ತಮ್ಮ ಚೀಲದಿಂದ ಪ್ಯಾರಾಸಿಟಮಾಲ್ ತೆಗೆದು ನುಂಗಿದ್ದರು. ಮಾರ್ಗದರ್ಶಿ ಕೇಳಿದ ಹೊತ್ತಿಗೆ ನೋವು ಇಳಿದಿತ್ತು. 'ಈಗ ಇದೆಯೇ' ಎಂದು ಕೇಳಿದ್ದರು, ಈಗ ಇಲ್ಲ ಎಂದರು, ಅಷ್ಟೇ. ವ್ಯಾಪಾರಸ್ಥರ ಉತ್ತರ. ಎತ್ತರದ ಕಾಯಿಲೆಯ ಮೊದಲ ಲಕ್ಷಣವೇ ತಲೆನೋವು. ಗುಳಿಗೆ ನೋವನ್ನು ಇಳಿಸುತ್ತದೆ, ಕಾಯಿಲೆಯನ್ನು ಇಳಿಸುವುದಿಲ್ಲ. ವೈದ್ಯರು ಬರೆದುಕೊಟ್ಟಿದ್ದ ಡಯಾಮಾಕ್ಸ್, ಎತ್ತರದ ಕಾಯಿಲೆ ತಡೆಯುವ ಗುಳಿಗೆ, ಅವರ ಬಳಿ ಇತ್ತು. ಅದನ್ನು ತೆಗೆದುಕೊಂಡರೆ ಮೂತ್ರಕ್ಕೆ ಪದೇ ಪದೇ ಏಳಬೇಕಾಗುತ್ತದೆ ಎಂದು ಯಾರೋ ಹೇಳಿದ್ದರಂತೆ. ಪಟ್ಟಿಯನ್ನು ಒಡೆದೇ ಇರಲಿಲ್ಲ.

ಇನ್ನೂ ಒಂದು ಮಾತು. ಆ ಪ್ರಶ್ನೆಯನ್ನು ಎಂಟು ಜನರ ಮುಂದೆ ಕೇಳಲಾಯಿತು. ತಂಡದ ಹಿರಿಯರು, ಎಲ್ಲ ಬೆಟ್ಟಗಳಲ್ಲೂ ಮೊದಲು ತಲುಪಿದವರು, ಮೊಮ್ಮಗನ ವಯಸ್ಸಿನ ಹುಡುಗನ ಮುಂದೆ ಸಾಲಿನಲ್ಲಿ ನಿಂತು 'ನನಗೆ ಆಗುತ್ತಿಲ್ಲ' ಎನ್ನುತ್ತಾರೆಯೇ? ನಮ್ಮ ಕಡೆಯ ಯಾವ ಹಿರಿಯರೂ ಎನ್ನುವುದಿಲ್ಲ.

ಕಾಲಿಪೋಖ್ರಿಯಿಂದ ಸಂದಕ್‌ಫು ಆರೇ ಕಿಲೋಮೀಟರ್, ಆದರೆ ಬಿಖೆಭಂಜಾಂಗ್ ದಾಟಿದ ಮೇಲಿನ ಏರು ಕಡಿದಾದದ್ದು. ಆ ದಿನ ಕಾಕಾ ಕೊನೆಯಲ್ಲಿ ನಡೆದರು. ಹೂವು ನೋಡುತ್ತಾ ಬರುತ್ತಿದ್ದಾರೆ ಎಂದುಕೊಂಡೆವು. ಮಾರ್ಗದರ್ಶಿ ಮಾತ್ರ ನನ್ನ ಬಳಿ ಬಂದು, 'ನಿನ್ನೆ ಇವರು ಮುಂದೆ ಇದ್ದರು' ಎಂದ. ನಾನು ತಲೆಯಾಡಿಸಿದೆ.

ರೊಟ್ಟಿ

ಮಧ್ಯಾಹ್ನ ಮೇಲೆ ತಲುಪಿದೆವು. ಮಂಜು ಮುಸುಕಿತ್ತು, ಶಿಖರ ಕಾಣಲಿಲ್ಲ; ನಾಳೆ ಬೆಳಿಗ್ಗೆ ಕಾಣುತ್ತದೆ ಎಂದು ವಸತಿಗೃಹದವರು ಭರವಸೆ ಕೊಟ್ಟರು. ಕಾಕಾ ಮನೆಯಿಂದ ತಂದಿದ್ದ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿಯ ಕೊನೆಯ ಗಂಟನ್ನು ಇಲ್ಲಿಗೆಂದೇ ಉಳಿಸಿದ್ದರು. ಬಿಚ್ಚಿ ಎಲ್ಲರಿಗೂ ಹಂಚಿದರು. ಎಲ್ಲರೂ ತಿಂದೆವು, ಫೋಟೊ ತೆಗೆದೆವು.

ತಿನ್ನದೆ ಉಳಿದ ಒಂದು ತಟ್ಟೆಯನ್ನು ಗಮನಿಸಿದವನು ತಂಡದ ಕಿರಿಯ. ಅವನು ಬಂದು ಅಕ್ಕಾ ಕಿವಿಯಲ್ಲಿ ಹೇಳಿದ್ದು ಇಷ್ಟೇ: 'ಕಾಕಾ ರೊಟ್ಟಿ ಮುಟ್ಟಿಲ್ಲ.' ಬೇರೆಯವರ ವಿಷಯದಲ್ಲಿ ಇದು ಏನೂ ಅಲ್ಲ. ಮನೆಯ ಶೇಂಗಾ ಚಟ್ನಿ ಇಲ್ಲದೆ ಹುಬ್ಬಳ್ಳಿ ದಾಟದ ಮನುಷ್ಯನ ವಿಷಯದಲ್ಲಿ ಇದು ಥರ್ಮಾಮೀಟರಿನ ಪಾದರಸ ಮೇಲೇರಿದಂತೆ. ಊಟ ಬೇಡವಾಗುವುದು ಎತ್ತರದ ಕಾಯಿಲೆಯ ಪಟ್ಟಿಯಲ್ಲಿ ತಲೆನೋವಿನ ಪಕ್ಕದಲ್ಲೇ ಇದೆ.

ಅಕ್ಕಾ ಒಳಗೆ ಹೋದಾಗ ಕಾಕಾ ಹಾಸಿಗೆಯ ಅಂಚಿನಲ್ಲಿ ಕುಳಿತು ಬೂಟಿನ ದಾರ ಕಟ್ಟಲು ನೋಡುತ್ತಿದ್ದರು. ಕಟ್ಟುವುದು, ಬಿಚ್ಚಿಹೋಗುವುದು. ಅಕ್ಕಾ ಹರಟೆ ಹೊಡೆಯುತ್ತಲೇ ಅವರನ್ನು ಎಬ್ಬಿಸಿ, ನೆಲದ ಹಲಗೆಗಳ ನಡುವಿನ ಗೆರೆಯ ಮೇಲೆ, ಒಂದು ಹಿಮ್ಮಡಿಗೆ ಇನ್ನೊಂದು ಕಾಲಿನ ಹೆಬ್ಬೆರಳು ತಾಗಿಸುತ್ತಾ ಹತ್ತು ಹೆಜ್ಜೆ ನಡೆಸಿದರು. ನಾಲ್ಕನೆಯ ಹೆಜ್ಜೆಗೆ ಕಾಕಾ ಗೋಡೆ ಹಿಡಿದರು. ಮತ್ತೆ ನಡೆಸಿದರೆ ಮೂರನೆಯದಕ್ಕೆ. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ನೂರಕ್ಕೆ 74 ತೋರಿಸಿತು. ನನ್ನದು 84 ಇತ್ತು. ಚಳಿಗೆ ಬೆರಳು ತಣ್ಣಗಿದ್ದರೆ ಆ ಅಂಕಿಯನ್ನು ನಂಬುವಂತಿಲ್ಲ, ನಡಿಗೆಯನ್ನು ನಂಬಬೇಕು ಎಂದು ಅಕ್ಕಾ ಹೇಳಿದರು. ಬರೀ ತಲೆನೋವಾಗಿದ್ದರೆ ಅಲ್ಲೇ ನಿಂತು ಕಾಯಬಹುದು. ಹೆಜ್ಜೆ ತಪ್ಪತೊಡಗಿದರೆ ಮಿದುಳಿನಲ್ಲಿ ಊತ ಶುರುವಾಗಿರಬಹುದು. ಆಗ ಕಾಯುವ ಪ್ರಶ್ನೆಯೇ ಇಲ್ಲ, ಇಳಿಯಬೇಕು.

ಇದು ನಾಲ್ಕು ಗಂಟೆಯ ಸುಮಾರಿಗೆ. ಕಾಕಾ ಇಳಿಯಲು ಹೊರಟದ್ದು ಐದೂವರೆಯ ಹೊತ್ತಿಗೆ. ನಡುವಿನ ಅಷ್ಟೂ ಹೊತ್ತು ನಾವು ಚರ್ಚೆ ಮಾಡಿದೆವು.

ಚರ್ಚೆಯಲ್ಲಿ ಬಂದ ಮಾತುಗಳನ್ನು ಇದ್ದಂತೆ ಬರೆಯುತ್ತೇನೆ. ರಾತ್ರಿ ಮಲಗಿದರೆ ಸರಿಹೋಗುತ್ತದೆ. ಈಗ ಡಯಾಮಾಕ್ಸ್ ಕೊಟ್ಟು ನೋಡೋಣ. ಕತ್ತಲಲ್ಲಿ, ಮಂಜಿನಲ್ಲಿ ಆ ರಸ್ತೆ ಹೆಚ್ಚು ಅಪಾಯ. ಇಷ್ಟು ದೂರ ಬಂದು ಬೆಳಗಿನ ಶಿಖರ ನೋಡದೆ ಹೋದರೆ ಕಾಕಾಗೆ ಎಷ್ಟು ಬೇಸರವಾಗುತ್ತದೆ. ಕೊನೆಯದನ್ನು ಹೇಳಿದವನು ನಾನು. ಆದರೆ ಈ ಎಲ್ಲ ಮಾತುಗಳ ಅಡಿಯಲ್ಲಿ ಬೇರೊಂದು ಇತ್ತು: ಕಾಕಾಗೆ ಹೇಳುವವರು ಯಾರು? ಟಿಕೆಟ್ ಯಾರು ತೆಗೆಯಬೇಕು, ಲೆಕ್ಕ ಯಾರು ಬರೆಯಬೇಕು ಎಂದು ಹುಬ್ಬಳ್ಳಿಯಲ್ಲಿಯೇ ತೀರ್ಮಾನಿಸಿದ್ದೆವು. 'ಸಾಕು, ತಿರುಗೋಣ' ಎನ್ನುವ ಅಧಿಕಾರ ಯಾರದು ಎಂದು ತೀರ್ಮಾನಿಸಿರಲಿಲ್ಲ. ಅದು ತಾನಾಗಿ ಹಿರಿಯರ ಕೈಯಲ್ಲಿ ಉಳಿದಿತ್ತು. ಈಗ ಆ ಹಿರಿಯರೇ ಕಾಯಿಲೆಯವರು.

ಚರ್ಚೆ ಮುರಿದದ್ದು ಇಬ್ಬರಿಂದ. ಮಾರ್ಗದರ್ಶಿ ಹೊರಗೆ ಹೋಗಿ, ಪ್ರವಾಸಿಗರನ್ನು ಬಿಟ್ಟು ಹಿಂದಿರುಗುತ್ತಿದ್ದ ಒಂದು ಗಾಡಿಯನ್ನು ನಿಲ್ಲಿಸಿ ಬಂದು, 'ನಾನು ನಿಮ್ಮನ್ನು ಕೇಳುತ್ತಿಲ್ಲ, ಗಾಡಿಗೆ ಹೇಳಿಬಿಟ್ಟಿದ್ದೇನೆ' ಎಂದ. ಅಕ್ಕಾ ಕಾಕಾ ಬಳಿ ಹೋಗಿ, 'ನನಗೆ ತಲೆ ತುಂಬಾ ನೋಯುತ್ತಿದೆ, ಕೆಳಗೆ ಹೋಗಬೇಕಂತೆ. ಒಬ್ಬಳೇ ಹೇಗೆ ಹೋಗಲಿ ಕಾಕಾ, ನೀವು ಬರುತ್ತೀರಾ?' ಎಂದರು. ಒಂದು ಗಂಟೆಯಿಂದ 'ನನಗೇನೂ ಆಗಿಲ್ಲ, ಎಲ್ಲಿಗೂ ಬರುವುದಿಲ್ಲ' ಎನ್ನುತ್ತಿದ್ದ ಮನುಷ್ಯ ತಕ್ಷಣ ಎದ್ದು ಟೊಪ್ಪಿಗೆ ಹುಡುಕತೊಡಗಿದರು.

ಇಳಿದ ಮೂವರು, ಉಳಿದ ಆರು ಜನ

ಕಾಕಾ, ಅಕ್ಕಾ ಮತ್ತು ಕಿರಿಯ ಹುಡುಗ ಕೆಳಗೆ ಹೋದರು. ಗೈರಿಬಾಸ್ ಸುಮಾರು 2,600 ಮೀಟರ್; ಹನ್ನೆರಡು ಕಿಲೋಮೀಟರ್ ದಾರಿಯಲ್ಲಿ ಸಾವಿರ ಮೀಟರ್ ಇಳಿದಂತಾಯಿತು. ಅರ್ಧ ದಾರಿಯಲ್ಲಿ ಕಾಕಾ ಒಮ್ಮೆ ವಾಂತಿ ಮಾಡಿಕೊಂಡರು. ಗೈರಿಬಾಸ್‌ನ ಠಾಣೆಯಲ್ಲಿ ಗಾಡಿ ನಿಲ್ಲಿಸಿ ಗುರುತಿನ ಚೀಟಿ, ಪ್ರವೇಶ ಪತ್ರ ಕೇಳಿದರು. ಒಂಬತ್ತು ಜನರ ಕಾಗದಗಳೂ ಒಂದೇ ಪ್ಲಾಸ್ಟಿಕ್ ಚೀಲದಲ್ಲಿ, ಆ ಚೀಲ ಸಂದಕ್‌ಫುವಿನಲ್ಲಿ ನನ್ನ ತಲೆದಿಂಬಿನ ಕೆಳಗೆ. ಕಳೆದುಹೋಗಬಾರದೆಂದು ನಾನೇ ಎಲ್ಲರಿಂದ ಸಂಗ್ರಹಿಸಿಟ್ಟುಕೊಂಡಿದ್ದೆ. ಅರ್ಧ ಗಂಟೆ ಹೋಯಿತು. ಕೊನೆಗೆ ಅಕ್ಕಾ ಮೊಬೈಲಿನಲ್ಲಿದ್ದ ಚೀಟಿಯ ಫೋಟೊ ಮತ್ತು ಕಾಕಾ ಮುಖ, ಇವೆರಡನ್ನೂ ನೋಡಿ ಜವಾನರೇ ಮಲಗಲು ಜಾಗ ತೋರಿಸಿದರು.

ರಾತ್ರಿ ಒಂಬತ್ತಕ್ಕೆ ಕಾಕಾ ಚಹಾ ಕೇಳಿದರು. ಬೆಳಿಗ್ಗೆ ಎದ್ದವರು ಹಲಗೆಯ ಗೆರೆಯ ಮೇಲೆ ಹತ್ತೂ ಹೆಜ್ಜೆ ನಡೆದರು. ಎತ್ತರದ ಕಾಯಿಲೆಗೆ ಇಳಿಯುವುದೇ ಮೊದಲ ಮದ್ದು ಎನ್ನುವುದನ್ನು ಇಷ್ಟು ಕಣ್ಣಾರೆ ಕಾಣುವ ಅವಕಾಶ ಎಲ್ಲರಿಗೂ ಸಿಗುವುದಿಲ್ಲ. ಸಿಲಿಗುರಿಯ ವೈದ್ಯರು ಪರೀಕ್ಷಿಸಿ, ಈಗ ತೊಂದರೆಯಿಲ್ಲ, ಅಲ್ಲೇ ರಾತ್ರಿ ಕಳೆದಿದ್ದರೆ ಹೀಗೆ ಹೇಳುತ್ತಿದ್ದೆನೋ ಗೊತ್ತಿಲ್ಲ ಎಂದರು. ಅವರಿಗೆ ಒಂದು ಗೊಂದಲವಾಗಿತ್ತು. ನಾವು ಬರೆದಿಟ್ಟ ಚೀಟಿಯ ಪ್ರಕಾರ ರೋಗಿ 5.25ಕ್ಕೆ ಸಂದಕ್‌ಫು ಬಿಟ್ಟಿದ್ದಾರೆ, ಆದರೆ ಹೊರಡುವ ಮುನ್ನ ಮಾಡಿದ ಕೊನೆಯ ನಡಿಗೆ ಪರೀಕ್ಷೆ 5.35ಕ್ಕೆ! ಮೊದಲನೆಯದು ಅಕ್ಕಾ ಕೈಗಡಿಯಾರದ ಭಾರತದ ಸಮಯ, ಎರಡನೆಯದು ನನ್ನ ಮೊಬೈಲಿನ ನೇಪಾಳದ ಸಮಯ. ಇಲ್ಲಿ ನಕ್ಕು ಮರೆಯಬಹುದು. ಗುಳಿಗೆಯ ಹೊತ್ತು, ಲಕ್ಷಣ ಹೆಚ್ಚಿದ ವೇಗ ಇವುಗಳ ಮೇಲೆ ಯಾರೋ ಚಿಕಿತ್ಸೆ ತೀರ್ಮಾನಿಸಬೇಕಾದಾಗ ನಗು ಬರುವುದಿಲ್ಲ.

ಮೇಲೆ ಉಳಿದ ನಮಗೆ ಮರುದಿನ ಬೆಳಿಗ್ಗೆ ಶಿಖರ ಪೂರ್ತಿಯಾಗಿ ಕಂಡಿತು. ನಾನು ಯಾಕೆ ಉಳಿದೆ ಎಂದು ಅನೇಕರು ಕೇಳಿದ್ದಾರೆ. ಉಳಿದವರನ್ನು ನೋಡಿಕೊಳ್ಳಲು ಎಂದು ಹೇಳುತ್ತಾ ಬಂದಿದ್ದೇನೆ. ಮಾರ್ಗದರ್ಶಿ ಆ ಉಳಿದವರ ಜೊತೆಗೇ ಇದ್ದ.

ವಸತಿಗೃಹದ ವೈಫೈ ಸಿಕ್ಕಿದ್ದೇ ತಡ, ಒಬ್ಬರು ಆರು ಜನರ ಫೋಟೊವನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಹಾಕಿದರು. ಹುಬ್ಬಳ್ಳಿಯಲ್ಲಿ ಕಾಕೂ ಅದನ್ನು ನೋಡಿದರು. ಎಣಿಸಿದರು. ಗಂಡನಿಲ್ಲ. ಅವರ ಫೋನ್ ಹತ್ತುತ್ತಿಲ್ಲ, ನಮ್ಮ ಫೋನ್‌ಗಳೂ ಹತ್ತುತ್ತಿಲ್ಲ. ಮಧ್ಯಾಹ್ನ ಮಾನೆಭಂಜಾಂಗ್‌ನಿಂದ ಅಕ್ಕಾ ಕರೆ ಮಾಡುವವರೆಗೆ ಆರು ಗಂಟೆಗೂ ಹೆಚ್ಚು ಹೊತ್ತು ಆ ಮನೆಯಲ್ಲಿ ಏನು ನಡೆಯಿತು ಎಂಬುದನ್ನು ಕಾಕೂ ನನಗೆ ಹೇಳಿದ್ದಾರೆ. ಬರೆಯುವುದಿಲ್ಲ.

ಆಮೇಲೆ ಬದಲಾದದ್ದು

ಊರಿಗೆ ಬಂದ ಮೇಲೆ ಕಾಕಾ ಎರಡು ತಿಂಗಳು ಬೆಟ್ಟಕ್ಕೆ ಬರಲಿಲ್ಲ. ಕಾಯಿಲೆಗೆ ನಾಚಿಕೆಯಾಗಿರಬೇಕು ಎಂದುಕೊಂಡಿದ್ದೆವು. ಅವರಿಗೆ ಸಿಟ್ಟು ಬಂದದ್ದು ಅಕ್ಕಾ ಹೇಳಿದ ಸುಳ್ಳಿಗೆ. 'ನನಗೆ ನೇರವಾಗಿ ಹೇಳುವ ಧೈರ್ಯ ನಿಮ್ಮಲ್ಲಿ ಒಬ್ಬರಿಗೂ ಇರಲಿಲ್ಲವೇ?' ಎಂದು ಕೇಳಿದರು. ಇರಲಿಲ್ಲ. ಆ ಸುಳ್ಳು ಒಂದು ಜೀವ ಉಳಿಸಿರಬಹುದು. ಆದರೂ ಇನ್ನೊಂದು ತಂಡಕ್ಕೆ ನಾನು ಅದನ್ನು ಉಪಾಯವೆಂದು ಹೇಳಿಕೊಡಲಾರೆ. ಅಕ್ಕಾ ಇರದೆ ಹೋಗಿದ್ದರೆ, ಅಥವಾ ಕಾಕಾ ಅಷ್ಟು ಕರುಣೆಯುಳ್ಳವರಾಗಿರದಿದ್ದರೆ? ಮನುಷ್ಯನ ಗುಣದ ಮೇಲೆ ನಿಂತ ವ್ಯವಸ್ಥೆ ಅದು, ಒಮ್ಮೆ ನಡೆಯಿತು. ಈ ಬರಹಕ್ಕೆ ಕಾಕಾ ಹಾಕಿದ ಷರತ್ತೂ ಇದೇ: ಸುಳ್ಳನ್ನು ಮುಚ್ಚಿಡಬಾರದು.

ಈಗ ನಮ್ಮ ತಂಡ ಹೊರಡುವ ಮುನ್ನ, ಹುಬ್ಬಳ್ಳಿಯಲ್ಲಿರುವಾಗಲೇ, 'ತಿರುಗೋಣ' ಎನ್ನುವವರು ಯಾರೆಂದು ತೀರ್ಮಾನವಾಗುತ್ತದೆ. ಅವರಿಗೆ ಎತ್ತರದ ಕಾಯಿಲೆಯ ಲಕ್ಷಣಗಳು ತಿಳಿದಿರಬೇಕು, ವಯಸ್ಸು ಮುಖ್ಯವಲ್ಲ. ಅವರು ಹೇಳಿದ ಮೇಲೆ ಚರ್ಚೆ ಇಲ್ಲ. ಚರ್ಚೆ ಕೆಳಗಿಳಿದ ಮೇಲೆ. ಅವರಿಗೇ ಕಾಯಿಲೆಯಾದರೆ ಯಾರು ಎಂಬುದೂ ಬರೆದಿರುತ್ತದೆ. ದಿನ ಕಡಿಮೆಯಾದರೆ ತುದಿಯನ್ನು ಬಿಡುತ್ತೇವೆ, ನಡುವಿನ ರಾತ್ರಿಯನ್ನು ಬಿಡುವುದಿಲ್ಲ. ಗುರುತಿನ ಚೀಟಿ ಅವರವರ ಜೇಬಿನಲ್ಲಿ. ಗಡಿಯಾರ ಭಾರತದ ಸಮಯಕ್ಕೇ, ಮೊಬೈಲ್ ಏನೇ ತೋರಿಸಲಿ. ಮನೆಗೆ ಮೊದಲು ಸುದ್ದಿ, ಆಮೇಲೆ ಫೋಟೊ.

ಆರೋಗ್ಯದ ಪ್ರಶ್ನೆಗಳನ್ನು ಈಗ ಸಂಜೆ ಹೊತ್ತು ಕೇಳುತ್ತೇವೆ, ಸಾಲಿನಲ್ಲಿ ನಿಲ್ಲಿಸಿ ಅಲ್ಲ. ಒಬ್ಬೊಬ್ಬರನ್ನೇ ಪಕ್ಕಕ್ಕೆ ಕರೆದು ಕೇಳಿ ಬರೆದುಕೊಳ್ಳುತ್ತೇವೆ. ಆ ಪಟ್ಟಿಯನ್ನು ಬರೆದುಕೊಟ್ಟವರು ಕಾಕಾ, ಲೆಕ್ಕದ ಪುಸ್ತಕದಿಂದ ಹರಿದ ಹಾಳೆಯಲ್ಲಿ, ತಮ್ಮದೇ ಅಕ್ಷರದಲ್ಲಿ. ತಲೆನೋವು ಇದೆಯೇ ಎಂಬುದು ಅದರಲ್ಲಿ ನಾಲ್ಕನೆಯದು. ಇವತ್ತು ಯಾವ ಗುಳಿಗೆ ನುಂಗಿದಿರಿ ಎಂಬುದು ಎರಡನೆಯದು. ಮೊದಲನೆಯದು: 'ಎಷ್ಟು ರೊಟ್ಟಿ ತಿಂದಿರಿ?'